ತೊಗಲು ನಡೆಯುವ ದಿಕ್ಕು

ಚರ್ಮವೆಂಬುದು ಮನುಷ್ಯನಿಗೆ ದೇವರು ಹೊದಿಸಿದ ಮೊದಲ ಬಟ್ಟೆ. ಅರಸನಿಗೂ ಅದೇ, ಆಳಿಗೂ ಅದೇ. ಹರಿದರೆ ತಾನೇ ಹೊಲಿದುಕೊಳ್ಳುವ ಬಟ್ಟೆ ಲೋಕದಲ್ಲಿ ಅದೊಂದೇ ಎಂದು ತಿಳಿದವರು ಹೇಳುತ್ತಾರೆ. ಹಾಗೆ ಹೇಳಿದವರು ಯಾರೂ ದಿನ ಬೆಳಗಾದರೆ ಅದಕ್ಕೆ ಪಟ್ಟಿ ಕಟ್ಟುವ ಕೆಲಸದಲ್ಲಿ ಇದ್ದವರಲ್ಲ. ನಾನಿದ್ದೆ. ತಾನೇ ಹೊಲಿದುಕೊಳ್ಳುತ್ತದೆ ಎಂಬುದೇನೋ ನಿಜ. ಆದರೆ ನಮ್ಮ ಪೇಟೆಯ ದರ್ಜಿಯ ಹಾಗೆ, ಯಾವತ್ತಿಗೆ ಎಂದು ಮಾತ್ರ ಕೇಳಬಾರದು.

ಮಳವಳ್ಳಿ, ಮದ್ದೂರು, ಮಂಡ್ಯ ಈ ಮೂರು ಊರುಗಳ ಆಸ್ಪತ್ರೆಗಳಲ್ಲಿ ನಾನು ಡ್ರೆಸ್ಸರ್ ಆಗಿದ್ದವನು. ನನಗೆ ಯಾವಾಗ ಬಡ್ತಿಯಾಯಿತು, ಯಾರ ಕೈಯಿಂದ ಹಾರ ಹಾಕಿಸಿಕೊಂಡೆ ಎಂಬುದರಿಂದ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗರಿಗೆ ಯಾವ ಉಪಯೋಗವೂ ಇಲ್ಲ, ನನಗೂ ಆಗಲಿಲ್ಲ. ಅವರು ತಿಳಿಯಬೇಕಾದದ್ದು ಬೇರೆ ಇದೆ. ಈ ಕೆಲಸದಲ್ಲಿ ಕೈ ನಿಶ್ಚಲವಾಗಿರಬೇಕು, ಮನಸ್ಸು ಒಂದು ಗಳಿಗೆಯೂ ಹಾಗಿರುವುದಿಲ್ಲ. ಕಟ್ಟಿ ಮುಚ್ಚಿಟ್ಟ ಗಾಯದ ಒಳಗೆ ಈಗ ಏನಾಗುತ್ತಿದೆ, ಮಾಯುತ್ತಿದೆಯೋ ಕೊಳೆಯುತ್ತಿದೆಯೋ, ಈಗಲೇ ಬಿಚ್ಚಿ ನೋಡಿದರೆ ತಪ್ಪು, ನೋಡದಿದ್ದರೆ ನಿದ್ದೆಯಿಲ್ಲ. ನಿವೃತ್ತನಾದ ಮೇಲೂ ಆ ಚಟ ಹೋಗಿಲ್ಲ. ಮದುವೆ ಮನೆಯಲ್ಲಿ ಕಂಡವರ ತಾಂಬೂಲದ ಪೊಟ್ಟಣವನ್ನು ನಾನು ಬಿಚ್ಚಿ ನೋಡಿ ಮತ್ತೆ ಕಟ್ಟಿಟ್ಟಿದ್ದನ್ನು ಕಂಡ ನೆಂಟರು ಅದಕ್ಕೆ ಬೇರೆಯೇ ಅರ್ಥ ಹಚ್ಚಿದ್ದಾರೆ.

ಮೊದಲು ಸೇರಿದ್ದು ಮಳವಳ್ಳಿಯಲ್ಲಿ. ಪಟ್ಟಿ ಕಟ್ಟುವುದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ನಮ್ಮ ತಂದೆಗೆ ರುಮಾಲು ಸುತ್ತಿಕೊಟ್ಟು ರೂಢಿಯಿತ್ತು. ಎತ್ತು ಹಾಯ್ದು ತಲೆ ಒಡೆದುಕೊಂಡು ಬಂದ ಒಬ್ಬ ಗೌಡರಿಗೆ ಆ ವಿದ್ಯೆಯನ್ನೇ ಪ್ರಯೋಗಿಸಿದೆ. ಪಟ್ಟಿ ಎಷ್ಟು ಚೆನ್ನಾಗಿ ಕೂತಿತೆಂದರೆ, ಮರುವಾರ ಬಿಚ್ಚಿಸಿಕೊಳ್ಳಲು ಅವರು ಬರಲೇ ಇಲ್ಲ. ಹೇಳಿಕಳಿಸಿದ್ದಕ್ಕೆ, ಭಾವಮೈದುನನ ಮದುವೆ ಇದೆ, ಮುಗಿಸಿಕೊಂಡು ಬರುತ್ತೇನೆ ಎಂದರಂತೆ. ಅಲ್ಲಿಯ ನನ್ನ ಮೇಲಧಿಕಾರಿಗಳು ಈ ಸಂಗತಿಯನ್ನು ನನ್ನ ಕೆಲಸದ ಗುಣವೆಂದು ಬಗೆಯಲಿಲ್ಲ. ನನ್ನನ್ನು ಮದ್ದೂರಿಗೆ ಕಳಿಸಿದರು.

ಮದ್ದೂರಿನದು ಒಂದು ಸಣ್ಣ ಧರ್ಮಾಸ್ಪತ್ರೆ. ಈಗ ಅದು ಇಲ್ಲ. ಅಲ್ಲಿದ್ದವರು ಡಾಕ್ಟರ್ ವಾಸುದೇವರಾಯರು, ನಾನು, ವಾರ್ಡಿನ ಜವಾನ ಮಾದಯ್ಯ. ಯುದ್ಧದ ಕಾಲ, ಔಷಧಿಗೆ ಬರ, ಬಟ್ಟೆಗೆ ಬರ, ಒಮ್ಮೆ ಕಟ್ಟಿದ ಪಟ್ಟಿಯನ್ನೇ ಒಗೆದು ಕುದಿಸಿ ಮತ್ತೆ ಕಟ್ಟುತ್ತಿದ್ದೆವು. ಬರವಿಲ್ಲದ್ದು ಗಾಯಕ್ಕೆ ಮಾತ್ರ. ನಾಲೆಯ ನೀರು ಬಂದ ಮೇಲೆ ಸುತ್ತಲೂ ಕಬ್ಬು, ಕಬ್ಬಿದ್ದ ಕಡೆಗೆಲ್ಲ ಆಲೆಮನೆ, ಆಲೆಮನೆಯಿಂದ ನಮಗೆ ಸುಟ್ಟ ಕೈಕಾಲುಗಳು. ಬಿಸಿನೀರು ಸುಟ್ಟರೆ ಹರಿದು ಹೋಗುತ್ತದೆ. ಬೆಲ್ಲದ ಪಾಕ ಬೇಡದ ನೆಂಟನಂತೆ, ಬಿದ್ದಲ್ಲೇ ಕೂರುತ್ತದೆ, ಏಳಿಸಲು ಹೋದರೆ ತೊಗಲನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ.

ಹನಕೆರೆಯ ಕೆಂಪ ಹಾಗೆ ಬಂದವನು. ಆಲೆಮನೆಯಲ್ಲಿ ಪಾಕ ನೋಡುವುದು ಅವನ ಕೆಲಸ: ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ಯಾವ ಹದಕ್ಕೆ ಬಂದಾಗ ಒಲೆಯಿಂದ ಇಳಿಸಬೇಕೆಂದು ಹೇಳುವವನೂ ಅವನೇ, ಇಳಿಸುವಾಗ ಕೊಪ್ಪರಿಗೆಯ ಅಂಚಿನಲ್ಲಿ ಗಳು ತೂರಿಸುವ ಎರಡು ಬಳೆಗಳ ಪೈಕಿ ಮುಂದಿನದಕ್ಕೆ, ಮೊದಲು ಹೆಜ್ಜೆಯಿಡಬೇಕಾದ ಕಡೆಗೆ, ಹೆಗಲು ಕೊಡುವವನೂ ಅವನೇ. ಹಾಗೆ ಇಳಿಸುವಾಗ ಜಾರಿದ. ಎಡಗಾಲು ಮೊಣಕಾಲಿನಿಂದ ಹರಡಿನವರೆಗೆ, ಅಂದರೆ ಪಾದದ ಕೀಲಿನವರೆಗೆ, ಬೆಂದಿತು. ಮೇಲೆ, ಕೆಳಗೆ, ಪಕ್ಕದಲ್ಲಿ ತೊಗಲು ಕೂಡಿಕೊಂಡಿತು. ಕಣಕಾಲಿನ ಮುಂಭಾಗದ ನಡುವೆ ಅಂಗೈ ಅಗಲದ ಜಾಗ ಮಾತ್ರ ಮಾಯುವುದಿಲ್ಲ ಎಂದು ಹಟ ಹಿಡಿಯಿತು. ಮಳೆಗಾಲ ಪೂರ್ತಿ ಹಾಗೇ ಇತ್ತು. ಆಮೇಲೆ ವಾಸನೆ, ಸಂಜೆಯ ಜ್ವರ ಶುರುವಾದವು.

ಆಗಾಗ ಮೈಸೂರಿನಿಂದ ರೈಲಿನಲ್ಲಿ ಬಂದು ನಮ್ಮಲ್ಲಿ ಕತ್ತರಿ ಹಿಡಿಯುತ್ತಿದ್ದ ಒಬ್ಬ ಸರ್ಜನ್ ಇದ್ದರು. ನಾವು ದೊಡ್ಡ ಡಾಕ್ಟರು ಎನ್ನುತ್ತಿದ್ದೆವು. ಒಳ್ಳೆಯ ಕೈಗುಣ, ಚಿಕ್ಕ ಮಾತು. ಅವರು ಗಾಯ ನೋಡಿ, ಹೀಗೇ ಬಿಟ್ಟರೆ ಜೀವಕ್ಕೆ ಬರುತ್ತದೆ, ದಸರಾ ಕಳೆದ ಮೇಲೆ ಬರುವಾಗ ಮೊಣಕಾಲಿನ ಕೆಳಗೆ ತೆಗೆದುಬಿಡೋಣ ಎಂದರು. ಅವರು ಹೋದ ಮೇಲೆ ಕೆಂಪ ನನ್ನನ್ನು ಕರೆದ. ಅಳಲಿಲ್ಲ. ಲೆಕ್ಕ ಕೇಳುವವನ ಹಾಗೆ ಕೇಳಿದ:

"ಸುಬ್ಬಣ್ಣಯ್ಯ, ಒಂಟಿ ಕಾಲಲ್ಲಿ ನಿಂತ್ಕಂಡು ಕೊಪ್ಪರಿಗೆ ಇಳ್ಸಕ್ಕಾಯ್ತದಾ?"

ಆಗುವುದಿಲ್ಲವೆಂದು ಅವನಿಗೂ ಗೊತ್ತು, ನನಗೂ ಗೊತ್ತು. ನಾನು ಪಟ್ಟಿಯ ಗಂಟನ್ನು ಇನ್ನೊಮ್ಮೆ ಸರಿಮಾಡಿ ಎದ್ದೆ.

ವಾಸುದೇವರಾಯರು ಕೂತು ಯೋಚಿಸುವ ಜಾತಿಯವರಲ್ಲ. ನಡೆದಾಡುತ್ತ ಯೋಚಿಸುತ್ತಿದ್ದರು; ಅವರ ಯೋಚನೆ ಆಳವಾದಷ್ಟೂ ವರಾಂಡದ ಗಾರೆ ಸವೆಯುತ್ತಿತ್ತು. ಹಾಗೆ ಸವೆಸುತ್ತಿದ್ದವರು ಒಂದು ಬೆಳಿಗ್ಗೆ ನಿಂತು, "ಸುಬ್ಬಣ್ಣ, ಚರ್ಮದಲ್ಲಿ ಕರೆಂಟಿದೆ, ಗೊತ್ತೇನಯ್ಯ?" ಎಂದರು. ಹೌದು ಸಾರ್ ಎಂದೆ. ಮೇಲಿನವರು ಕೇಳಿದಾಗ ಹೌದೆನ್ನುವುದು ಒಳ್ಳೆಯದು, ವಿವರಣೆ ಹೇಗೂ ಬರುತ್ತದೆ.

ವಿವರಣೆ ಹೀಗಿತ್ತು. ಬದುಕಿರುವ ಚರ್ಮ ಒಂದು ಸಣ್ಣ ಬ್ಯಾಟರಿ. ಒಳಮೈ ಪ್ಲಸ್ಸು, ಹೊರಮೈ ಮೈನಸ್ಸು. ಚರ್ಮ ಇಡಿಯಾಗಿರುವ ತನಕ ಕರೆಂಟು, ಏರಿ ಕಟ್ಟಿದ ಕೆರೆಯ ನೀರಿನಂತೆ, ಸುಮ್ಮನಿರುತ್ತದೆ. ಗಾಯವಾದರೆ ತೂಬು ತೆಗೆದ ಹಾಗೆ, ಗಾಯದ ಕಡೆಗೆ ಹರಿಯತೊಡಗುತ್ತದೆ. ಅಂಚಿನಲ್ಲಿರುವ ಚರ್ಮದ ಕಣಗಳಿಗೆ ಕಣ್ಣಿಲ್ಲ. ಗಾಯ ಎತ್ತ ಇದೆಯೆಂದು ಅವಕ್ಕೆ ತಿಳಿಯುವುದು ಈ ಹರಿವಿನಿಂದ. ಅದರ ಜಾಡು ಹಿಡಿದು ಅವು ಮೈನಸ್ಸಿನ ಕಡೆಗೆ, ಅಂದರೆ ಗಾಯದ ನಡುವಿಗೆ, ತೆವಳುತ್ತವೆ. ಹಳೆಯ ಗಾಯದಲ್ಲಿ ಹರಿವು ಸೋತಿರುತ್ತದೆ, ಕಣಗಳು ದಾರಿ ತಪ್ಪಿ ಅಂಚಿನಲ್ಲೇ ಗುಂಪುಗೂಡಿ ನಿಂತಿರುತ್ತವೆ. ಹೊರಗಿನಿಂದ ಸ್ವಲ್ಪ ಕರೆಂಟು ಹರಿಸಿ ದಿಕ್ಕು ತೋರಿಸಿದರೆ ಏಕೆ ನಡೆಯಬಾರದು? ಇದೆಲ್ಲ ಜರ್ಮನಿಯ ವಿದ್ವಾಂಸರು ಎಂದೋ ಅಳೆದು ನೋಡಿದ್ದು ಎಂದರು. ಯುದ್ಧದ ಕಾಲದಲ್ಲಿ ಜರ್ಮನಿಯವರನ್ನು ಹೊಗಳುವುದು ಕ್ಷೇಮವೇ ಎಂದು ನನಗೆ ಅಂಜಿಕೆಯಾಯಿತು.

ಲೈನಿನ ಕರೆಂಟು ಆಗದೇ ಸಾರ್ ಎಂದು ಕೇಳಿದೆ; ಶಿವನಸಮುದ್ರದ ತಂತಿ ಆಸ್ಪತ್ರೆಯ ಬಾಗಿಲಲ್ಲೇ ಹಾದುಹೋಗಿತ್ತು. ಅವರು ನನ್ನನ್ನು ಕರುಣೆಯಿಂದ ನೋಡಿದರು. ಒಂದು, ಅದು ಕೊಲ್ಲುತ್ತದೆ. ಎರಡು, ಕೊಲ್ಲದಿದ್ದರೂ ಅದಕ್ಕೆ ದಿಕ್ಕಿಲ್ಲ. ಒಂದು ಕ್ಷಣ ಅತ್ತ, ಒಂದು ಕ್ಷಣ ಇತ್ತ, ಪಂಚಾಯಿತಿಯಲ್ಲಿ ಸಾಕ್ಷಿ ಹೇಳುವವನ ಹಾಗೆ. ಬೇಕಾದದ್ದು ಒಂದೇ ಕಡೆ ಹರಿಯುವ ಬ್ಯಾಟರಿ ಕರೆಂಟು. ಆ ಕಾಲದಲ್ಲಿ ಬ್ಯಾಟರಿಯ ಸೆಲ್ಲು ಕೊಳ್ಳಲು ಸಿಗುತ್ತಿರಲಿಲ್ಲ. ರಾಯರು ತಮ್ಮ ರೇಡಿಯೋದ ಸೆಲ್ಲುಗಳನ್ನು ಕಿತ್ತು ತಂದರು. ಅಂದಿನಿಂದ ಮದ್ದೂರಿನ ನಾಲ್ಕಾರು ಗಣ್ಯರಿಗೆ ಯುದ್ಧದ ಸುದ್ದಿ ನಿಂತುಹೋಯಿತು. ಹಿಟ್ಲರನಿಗೂ ಕೆಂಪನ ಕಾಲಿಗೂ ನಡುವೆ ರಾಯರು ಕಾಲನ್ನು ಆರಿಸಿಕೊಂಡರು.

ಮರದ ಪೆಟ್ಟಿಗೆ, ಮೇಲೆ ಎರಡು ಹಿತ್ತಾಳೆಯ ತಿರುಪು. ಪ್ಲಸ್ಸಿನ ತಿರುಪಿಗೆ ರಾಯರು ಲಕೋಟೆಗೆ ಹಾಕುವ ಕೆಂಪು ಅರಗಿನಿಂದ ಒಂದು ಬೊಟ್ಟಿಟ್ಟರು. ಬೊಟ್ಟಿದ್ದದ್ದು ತೊಡೆಯ ಮೇಲಿನ ಒತ್ತುಬಟ್ಟೆಗೆ, ಬೊಟ್ಟಿಲ್ಲದ್ದು ಗಾಯದ ಮೇಲಿನ ಒತ್ತುಬಟ್ಟೆಗೆ. ಮರೆಯಬಾರದು. ಒತ್ತುಬಟ್ಟೆಯೆಂದರೆ ಉಪ್ಪುನೀರಿನಲ್ಲಿ ಅದ್ದಿದ ದಪ್ಪ ಬಟ್ಟೆ, ಅದರೊಳಗೊಂದು ತಗಡು.

ಎಲ್ಲ ಸಿದ್ಧವಾದ ಮೇಲೆ ಕೆಂಪನ ತಾಯಿ ಸಾಕಮ್ಮ ಅಡ್ಡ ನಿಂತಳು. ದಿನಾ ಹನಕೆರೆಯಿಂದ ರೈಲಿನಲ್ಲಿ ಮುದ್ದೆ ಕಟ್ಟಿಕೊಂಡು ಬರುತ್ತಿದ್ದ ಮುದುಕಿ. ಕರೆಂಟು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮಂಚದ ಮುಂದೆ ಕಾಲುಚಾಚಿ ಕೂತಳು. ಅವಳ ತಪ್ಪಲ್ಲ. ನಮ್ಮ ಸೀಮೆಯಲ್ಲಿ ಕರೆಂಟು ಬೆಳಗುವುದಕ್ಕಿಂತ ಹಿಡಿದುಕೊಳ್ಳುವುದಕ್ಕೆ ಹೆಸರಾಗಿತ್ತು.

"ಅದು ಇಡ್ಕಂಡ್ರೆ ಬುಡಾಕಿಲ್ಲ ಬುದ್ದಿ. ನಮ್ಮೂರಲ್ಲಿ ಎಮ್ಮೆನೇ ಇಡ್ಕಂಡಿತ್ತು."

"ಇದು ಹಿಡಿಯುವ ಕರೆಂಟಲ್ಲಮ್ಮ, ನಡೆಸುವ ಕರೆಂಟು. ಗಾಯದ ಸುತ್ತ ಇರುವ ತೊಗಲು ಒಳಗೆ ನಡೆದು ಬರುತ್ತೆ" ಎಂದರು ರಾಯರು.

"ತೊಗಲು ನಡೀತದಾ? ಅದ್ಕೆ ಕಾಲೆಲ್ಲೈತೆ?"

ಮಂಚದ ಮೇಲಿಂದ ಕೆಂಪ, "ನಂಗೂ ಇನ್ಮ್ಯಾಲೆ ಇರಾಕಿಲ್ಲ, ಸುಮ್ಕಿರವ್ವ. ಅದಾದ್ರೂ ನಡೀಲಿ" ಎಂದ. ಮುದುಕಿ ಎದ್ದಳು.

ತಂತಿ ಜೋಡಿಸಿದಾಗ, ಇರುವೆ ಹರಿದ ಹಾಗೆ ಆಗುತ್ತದೆ ಎಂದ ಕೆಂಪ, ಅಷ್ಟೇ. ನಮಗೆ ಅವನಿಗಿಂತ ಹೆಚ್ಚು ಇರುವೆ ಹರಿಯುತ್ತಿತ್ತು. ಗಾಯ ಅಳೆಯುವುದು ಹೇಗೆ? ರಾಯರ ಮೊದಲ ಉಪಾಯ ವೀಳ್ಯದೆಲೆ: ಗಾಯದ ಆಕಾರಕ್ಕೆ ಎಲೆ ಕತ್ತರಿಸಿ ಇಟ್ಟುಕೊಂಡು, ಆಮೇಲೆ ಹೋಲಿಸುವುದು. ಎಲೆ ಎರಡೇ ದಿನಕ್ಕೆ ಬಾಡಿ ಮುದುಡಿತು. ಹೋಲಿಸಿದರೆ ಗಾಯ ಊರಗಲ ಬೆಳೆದಿತ್ತು. ರಾಯರು ಊಟ ಬಿಟ್ಟರು. ಎಲೆ ಚಿಕ್ಕದಾದದ್ದು ಮರುದಿನ ನಮಗಿಬ್ಬರಿಗೂ ಒಟ್ಟಿಗೇ ಹೊಳೆಯಿತು, ಆದರೆ ಇಬ್ಬರೂ ಆ ವಿಷಯ ಎತ್ತಲಿಲ್ಲ. ಎಣ್ಣೆ ಸವರಿದ ಕಾಗದಕ್ಕೆ ಬದಲಾಯಿಸಿದೆವು.

ಕಾಗದ ಸುಳ್ಳು ಹೇಳಲಿಲ್ಲ. ಅಂಚಿನಲ್ಲಿ ಮುತ್ತಿನ ಬಣ್ಣದ ತೆಳುವಾದ ಗೆರೆಯೊಂದು ಕಾಣಿಸಿಕೊಂಡು ಒಳಕ್ಕೆ ಸರಿಯತೊಡಗಿತು. ಅದೇ ಹೊಸ ತೊಗಲು. ಬೆಳಿಗ್ಗೆ ಪಟ್ಟಿ ಬಿಚ್ಚುವುದು ನನ್ನ ಕೆಲಸ. ರಾಯರು ಹಿಂದೆ ನಿಂತು, ಬೇಗ ಬಿಚ್ಚಯ್ಯ, ಮೆಲ್ಲಗೆ ಬಿಚ್ಚಯ್ಯ ಎಂದು ಎರಡನ್ನೂ ಒಟ್ಟಿಗೆ ಹೇಳುತ್ತಿದ್ದರು. ಗಾಯದ ಮೇಲಿನ ಒತ್ತುಬಟ್ಟೆ ಬಿಚ್ಚಿದಾಗೆಲ್ಲ ಅಲ್ಲಲ್ಲಿ ಕೆಂಪಾಗಿರುತ್ತಿತ್ತು. ರಕ್ತ ಕೂಡುತ್ತಿದೆ, ಒಳ್ಳೆಯ ಲಕ್ಷಣ ಎಂದರು ರಾಯರು. ಬಟ್ಟೆಗಳೆರಡೂ ಹಳದಿ ತಿರುಗಿದ್ದವು. ಆಗ ನಾವು ಹಾಕುತ್ತಿದ್ದ ಔಷಧಿಯೂ ಹಳದಿಯೇ, ಹಾಗಾಗಿ ಅದನ್ನು ಯಾರೂ ಕೇಳಲಿಲ್ಲ.

ವೀಳ್ಯದೆಲೆಯಷ್ಟಿದ್ದ ಗಾಯ ಬೆಳ್ಳಿ ರೂಪಾಯಿಯಷ್ಟಕ್ಕೆ ಬಂದಾಗ ಆಯುಧಪೂಜೆ ಬಂತು.

ರಾಯರು ಆಚಾರದಲ್ಲಿ ಸಡಿಲ, ಆಯುಧಪೂಜೆಯಲ್ಲಿ ಬಿಗಿ. ಕತ್ತರಿ, ಚಿಮುಟ, ಸೂಜಿಗಳನ್ನೆಲ್ಲ ಮಾದಯ್ಯ ಹುಣಸೆಹಣ್ಣು ಹಾಕಿ ತಿಕ್ಕಿ ಎಣ್ಣೆ ಸವರಿ ಮೇಜಿನ ಮೇಲೆ ಜೋಡಿಸಿದ. ಬ್ಯಾಟರಿ ಪೆಟ್ಟಿಗೆಗೂ ಮರ್ಯಾದೆ ಆಗಬೇಕಲ್ಲ, ಅದಕ್ಕೂ ಚೆಂಡುಹೂವಿನ ಸರ ಬಂತು. ತಿರುಪುಗಳನ್ನು ತಿಕ್ಕುವಾಗ ಮಾದಯ್ಯ ಒಂದರ ಮೇಲೆ ಕೆಂಪು ಬೊಟ್ಟಿರುವುದನ್ನೂ ಇನ್ನೊಂದು ಬೋಳಾಗಿರುವುದನ್ನೂ ಕಂಡ. ಯಾರೋ ಒಂದಕ್ಕೆ ಕುಂಕುಮವಿಟ್ಟು ಇನ್ನೊಂದನ್ನು ಮರೆತಿದ್ದಾರೆ ಎಂದು ಅವನ ಮನಸ್ಸಿಗೆ ನೋವಾಗಿರಬೇಕು. ಎಣ್ಣೆಯಲ್ಲಿ ಕಲಸಿದ ಕುಂಕುಮದಿಂದ ಅದಕ್ಕೂ ಒಂದು ಬೊಟ್ಟಿಟ್ಟ.

ವಿಜಯದಶಮಿ ಮುಗಿಸಿ ರಾಯರು ಪೆಟ್ಟಿಗೆಯ ಮುಂದೆ ಬಂದು ನಿಂತರು. ಎರಡು ಬೊಟ್ಟು. ಒಂದು ಫಳಫಳ ಹೊಳೆಯುತ್ತಿತ್ತು, ಒಂದು ಮಂಕಾಗಿತ್ತು. ಹೊಳೆಯುವುದು ಹಬ್ಬದ ಕುಂಕುಮ, ಮಂಕಾದದ್ದು ಹಳೆಯ ಅರಗು ಎಂದು ವಿಜ್ಞಾನಿಗೆ ತಕ್ಕ ತರ್ಕ ಮಾಡಿದರು. ನಾನು ಸ್ಪಿರಿಟ್ಟಿನ ಸೀಸೆ ಹಿಡಿದು ಭಕ್ತಿಯಿಂದ ನಿಂತಿದ್ದೆ. ಹೊಳೆಯುವುದನ್ನು ತಮ್ಮ ಕೈಯಾರೆ ಒರೆಸಿ ತೆಗೆದು ತಂತಿ ಜೋಡಿಸಿದರು. ಸ್ಪಿರಿಟ್ಟಿಗೆ ಅರಗು ಕರಗುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿದ್ದ ವಿಷಯವೇ. ಎಣ್ಣೆ ತಿಕ್ಕಿದರೆ ಅರಗು ಹೊಳೆಯುತ್ತದೆ ಎಂಬುದು ಆಮೇಲೆ ಗೊತ್ತಾಯಿತು.

ಎರಡು ಮೂರು ದಿನ ಮುತ್ತಿನ ಗೆರೆ ಇದ್ದಲ್ಲೇ ನಿಂತಿತು. ಆಮೇಲೆ ಸವೆಯತೊಡಗಿತು. ನನಗೆ ಊಟ ಸೇರಲಿಲ್ಲ. ರಾಯರು ವರಾಂಡ ಬಿಟ್ಟು ರೈಲ್ವೆ ಗೇಟಿನ ತನಕ ನಡೆಯಲಾರಂಭಿಸಿದರು. ಕರೆಂಟು ಕಡಿಮೆಯಾಯಿತೆ, ಸೆಲ್ಲು ಬಳಲಿತೆ, ಉಪ್ಪು ಹೆಚ್ಚಾಯಿತೆ. ಉಪ್ಪು ಕಡಿಮೆ ಮಾಡಿದರು, ಮತ್ತೆ ಹೆಚ್ಚು ಮಾಡಿದರು. ಕೊನೆಗೆ, ನಾವು ಅಲ್ಲಿ ತನಕ ಕಂಡದ್ದೆಲ್ಲ ಆಸೆಯ ಕಣ್ಣಿಗೆ ಕಂಡದ್ದೇ ಇರಬಹುದು ಸುಬ್ಬಣ್ಣ ಎಂದರು. ಅವರ ಬಾಯಲ್ಲಿ ಆ ಮಾತು ಕೇಳಿ ನನಗೆ ಗಾಯಕ್ಕಿಂತ ಹೆಚ್ಚು ಭಯವಾಯಿತು. ದೊಡ್ಡ ಡಾಕ್ಟರು ಬರುವ ದಿನ ಬಂದೇಬಿಟ್ಟಿತು. ಕತ್ತರಿಸುವ ಸಾಮಾನನ್ನು ಕುದಿಸಲು ಇಟ್ಟೆ.

ಆ ಬೆಳಿಗ್ಗೆ ಸಾಕಮ್ಮ ಬಂದವಳು ಮುದ್ದೆ ತಂದಿರಲಿಲ್ಲ. ಮಗನ ಪಂಚೆ, ತಟ್ಟೆಗಳನ್ನು ಗಂಟು ಕಟ್ಟತೊಡಗಿದಳು. ಗಾಡಿ ಬಾಗಿಲಲ್ಲಿದೆ, ಕರೆದುಕೊಂಡು ಹೋಗುತ್ತೇನೆ, ಸಾಯುವುದಾದರೆ ಎರಡು ಕಾಲಿರುವವನಾಗಿ ಮನೆಯಲ್ಲಿ ಸಾಯಲಿ ಎಂದಳು. ರಾಯರು ಹೇಳಿ ನೋಡಿದರು. ಇಷ್ಟು ದಿನ ನಂಬಿದವಳು ಈಗೇಕಮ್ಮ ಕೈಬಿಡುತ್ತೀಯ ಎಂದರು.

"ನಾನೆಲ್ ಬುಟ್ಟೆ ಬುದ್ದಿ? ಅವ್ವನೇ ಎದ್ದೋಗವ್ಳೆ."

"ಯಾವ ಅವ್ವ?"

"ಇನ್ಯಾವ್ ಅವ್ವ, ಮಾರವ್ವ. ಅರಿಸ್ನ ಮಡುಗುದ್ರೆ ಗಾಯದ ಮ್ಯಾಲೆ ಕುಂಕ್ಮ ಮಾಡ್ಕತಾ ಕುಂತಿದ್ಲು. ಅಬ್ಬ ಆದ್ಮೇಲೆ ಗಾಯ ಬುಟ್ಟು ತೊಡೆ ಮ್ಯಾಲಿನ್ ಬಟ್ಟೆಗೆ ಓಗಿ ಕುಂತವ್ಳೆ. ನನ್ ಮಗನ್ ಗಾಯ ಬ್ಯಾಡಾಯ್ತು ಅವ್ಳಿಗೆ."

ರಾಯರು ನನ್ನ ಕಡೆ ನೋಡಿದರು. ನಾನು ಸಾಕಮ್ಮನ ಕಡೆ ನೋಡಿದೆ. ಸಂಗತಿ ಮೆಲ್ಲಗೆ ಹೊರಬಂತು. ಆಳು ಸಾಲದ ಕಾಲವಾದ್ದರಿಂದ ಒತ್ತುಬಟ್ಟೆಗಳನ್ನು ಉಪ್ಪುನೀರಿಗೆ ಅದ್ದಿ ಹಿಂಡುವ ಕೆಲಸವನ್ನು ನಾವು ಅವಳಿಗೇ ಬಿಟ್ಟಿದ್ದೆವು; ತೊಡೆಯ ಬಟ್ಟೆಯ ಕಡೆಗಂತೂ ನಾವು ಕಣ್ಣೇ ಹಾಯಿಸಿರಲಿಲ್ಲ. ಗಾಯಕ್ಕೆ ಅರಿಶಿನ ಹಾಕಕೂಡದು ಎಂದು ನಾನು ಮೊದಲ ದಿನವೇ ಗದರಿದ್ದೆ. ಅವಳು ಹಾಕಲಿಲ್ಲ. ಉಪ್ಪುನೀರಿಗೆ ಹಾಕಿದಳು. ದಿನವೂ. ಗಾಯದ ಮೇಲಿನ ಹಳದಿ ಬಟ್ಟೆ ತಾನಾಗಿ ಕೆಂಪಾಗುವುದನ್ನು ಕಂಡು ಕೈಮುಗಿದಳು, ಕರೆಂಟಿನ ಮೇಲೆ ಅವಳಿಗೆ ನಂಬಿಕೆ ಹುಟ್ಟಿದ್ದೂ ಅದರಿಂದಲೇ. ನಾವು ಒಳ್ಳೆಯ ಲಕ್ಷಣದ ರಕ್ತವೆಂದು ಹಿಗ್ಗಿದ್ದು ಅರಿಶಿನದ ಬಣ್ಣ.

ರಾಯರಿಗೆ ಸಿಟ್ಟು ಬರುತ್ತದೆಂದು ಕಾದೆ. ಅವರು ಓಡಿಹೋಗಿ ಒಂದು ಗಾಜಿನ ಲೋಟದಲ್ಲಿ ಉಪ್ಪುನೀರು ತಂದರು. ಸಾಕಮ್ಮನ ಸೆರಗಿನ ಗಂಟಿನಿಂದಲೇ ಒಂದು ಚಿಟಿಕೆ ಅರಿಶಿನ ಇಸಿದುಕೊಂಡು ಕದಡಿ, ಬ್ಯಾಟರಿಯ ಎರಡು ತಂತಿಯನ್ನೂ ಅದ್ದಿದರು. ಒಂದು ತಂತಿಯ ಸುತ್ತ ಗುಳ್ಳೆಯೆದ್ದು, ಆರತಿ ತಟ್ಟೆಯ ಓಕುಳಿಯ ಬಣ್ಣ ಹರಡಿತು. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದಲ್ಲ, ಹಾಗೆಯೇ ಮೈನಸ್ಸಿನ ಕಡೆ ಕ್ಷಾರ ಹುಟ್ಟುತ್ತದೆ, ಅರಿಶಿನ ಕೆಂಪಾಗುತ್ತದೆ. ಕೆಂಪಾದ ತಂತಿ ಯಾವ ತಿರುಪಿನದೆಂದು ರಾಯರು ಬೆರಳಿನಿಂದ ಹಿಡಿದುಕೊಂಡೇ ಹಿಂದಕ್ಕೆ ಹೋದರು. ಅದು ಬೊಟ್ಟಿದ್ದ ತಿರುಪು. ಪ್ಲಸ್ಸೆಂದು ನಾವು ತೊಡೆಗೆ ಜೋಡಿಸಿದ್ದು.

ರಾಯರು ತಂತಿಯನ್ನು ಕೆಳಗಿಟ್ಟರು. ಆಮೇಲೆ ಕೇಳಿದರು:

"ಆವತ್ತು ಬೊಟ್ಟು ಒರೆಸಿದ್ದು ಯಾರಯ್ಯ?"

"ತಾವೇ, ಸಾರ್."

"ಹೌದಲ್ಲ" ಎಂದರು.

ದಸರೆಯಿಂದೀಚೆಗೆ ನಾವು ಕೆಂಪನ ತೊಗಲನ್ನು ದಿನವೂ, ತಪ್ಪದೆ, ಮನೆಯ ಕಡೆಗೆ ಹಿಂದಿರುಗಿ ಹೋಗೆಂದು ಕಳಿಸುತ್ತಿದ್ದೆವು. ವಿಧೇಯ ತೊಗಲು, ಹೋಗುತ್ತಿತ್ತು.

ಅಷ್ಟರಲ್ಲಿ ರೈಲು ಬಂತು, ದೊಡ್ಡ ಡಾಕ್ಟರು ಬಂದರು. ಕೈ ತೊಳೆಯಲು ತೋಳು ಮಡಚುತ್ತಿದ್ದವರ ಮುಂದೆ ರಾಯರು ಲೋಟ ಹಿಡಿದು ನಿಂತು ಎಲ್ಲವನ್ನೂ ಹೇಳಿದರು; ತಮ್ಮ ತಪ್ಪನ್ನು ಮೊದಲು, ಮಾದಯ್ಯನದನ್ನು ಕೊನೆಗೆ. ಎಣ್ಣೆಕಾಗದಗಳನ್ನು ತೋರಿಸಿದರು. ಗಾಯ ಎಲ್ಲಿಯ ತನಕ ಕಿರಿದಾಗಿತ್ತು, ಯಾವಾಗಿನಿಂದ ತೊಗಲು ಹಿಂದೆ ಸರಿಯಿತು. ದೊಡ್ಡ ಡಾಕ್ಟರು ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು.

"ಅಂದರೆ ಮುದುಕಿಯ ಅರಿಶಿನ ಕೆಂಪಾಯಿತು ಅಂತ ನಾನು ವಾಪಸು ಹೋಗಬೇಕು?"

"ಒಂದು ಸಲಕ್ಕೆ. ಮುಂದಿನ ಸಲ ಬಂದಾಗ ಗಾಯ ಇಷ್ಟೇ ಇದ್ದರೆ, ಕತ್ತರಿಸುವಾಗ ನಾನೇ ಕಾಲು ಹಿಡಿದುಕೊಳ್ಳುತ್ತೇನೆ."

"ಜ್ವರ ಏರಿದರೆ?"

"ಅವತ್ತೇ ಟೆಲಿಗ್ರಾಂ ಕೊಡುತ್ತೇನೆ."

ದೊಡ್ಡ ಡಾಕ್ಟರು ಕೆಂಪನ ಹಣೆ ಮುಟ್ಟಿ ನೋಡಿದರು, ನಾಡಿ ನೋಡಿದರು, ಮತ್ತೆ ಲೋಟವನ್ನು ನೋಡಿದರು. ತೋಳು ಇಳಿಸಿಕೊಂಡು, ಬಂದ ಕೆಲಸವಿಲ್ಲದಿದ್ದರೆ ಕಾಫಿಯಾದರೂ ಉಂಟೋ ಎಂದರು. ಸಾಕಮ್ಮನ ಗಂಟನ್ನು ನಾನೇ ಬಿಚ್ಚಿದೆ. ಅವಳು ತಂತಿ ಬದಲಾಯಿಸಿ ಜೋಡಿಸುವುದನ್ನು ಕಣ್ಣು ಕೀಲಿಸಿ ನೋಡಿ, ಗಾಯದ ಮೇಲಿನ ಬಟ್ಟೆ ಕೆಂಪಾದ ಮೇಲೆಯೇ ಗಾಡಿಯನ್ನು ಊರಿಗೆ ಕಳಿಸಿದಳು.

ಆ ಮುಂದಿನ ದಿನಗಳನ್ನು ನಾನು ಇನ್ನೊಮ್ಮೆ ಬಾಳಲಾರೆ. ಸಂಜೆಯಾದರೆ ಅವನ ಹಣೆ ಮುಟ್ಟಿ ನೋಡುವುದು, ನನ್ನ ಕೈಯೇ ಬಿಸಿಯಿದೆಯೋ ಎಂದು ನನ್ನ ಹಣೆ ಮುಟ್ಟಿಕೊಳ್ಳುವುದು, ಮಾದಯ್ಯನನ್ನೂ ಕರೆದು ಮುಟ್ಟಿಸುವುದು. ಮಾದಯ್ಯನಂತೂ ಬೊಟ್ಟಿನ ವಿಷಯ ತಿಳಿದ ಮೇಲೆ ಪೆಟ್ಟಿಗೆಯ ಹತ್ತಿರವೇ ಸುಳಿಯುತ್ತಿರಲಿಲ್ಲ, ದೂರದಿಂದ, "ಏನ್ಲಾ ಕೆಂಪ, ನಡೀತಾ ಐತಾ?" ಎಂದು ಕೇಳಿ ಹೋಗುತ್ತಿದ್ದ. ಸೆಲ್ಲುಗಳು ಸೋಲುತ್ತ ಬಂದವು. ಅರಿಶಿನ ಕೆಂಪಾಗಲು ತಡವಾದಾಗಲೆಲ್ಲ ಕರೆಂಟು ಕುಗ್ಗಿದೆಯೆಂದು ತಿಳಿಯುತ್ತಿತ್ತು. ರಾಯರು ಅರಿಶಿನವನ್ನು ಈಗ ತಾವೇ ಹಾಕುತ್ತಿದ್ದರು. ಮುತ್ತಿನ ಗೆರೆ ಮತ್ತೆ ಹುಟ್ಟಿತು. ಸುತ್ತಲಿಂದ ಸರಿದು ನಡುವೆ ಸೇರುವ ಮುಂಚೆಯೇ ಸೆಲ್ಲು ಪೂರಾ ಸತ್ತಿತು. ಉಳಿದ ಜಾಗವನ್ನು ತೊಗಲು ತಾನಾಗಿಯೇ ದಾಟಿತು.

ದೊಡ್ಡ ಡಾಕ್ಟರು ಬಂದು ನೋಡಿ, ಮಲಗಿಸಿ ಇಟ್ಟಿದ್ದಕ್ಕೂ, ತಾಯಿಯ ಊಟಕ್ಕೂ ಇದು ಮಾಯಬಹುದಾಗಿತ್ತು ಎಂದರು. ಇರಬಹುದು. ಹಾಗಾದರೆ ನಡುವೆ ತೊಗಲು ಹಿಂದೆ ಸರಿದದ್ದೇಕೆ ಎಂದು ರಾಯರು ಕೇಳಿದರು. ಅದು ಕರೆಂಟಿನಿಂದಲೂ ಇರಬಹುದು ಎಂದರು ಅವರು. ಇನ್ನಷ್ಟು ಜನರ ಮೇಲೆ ಮಾಡಿ ನೋಡದೆ ಏನನ್ನೂ ಹೇಳಲಾಗದು ಎಂಬುದನ್ನು ಇಬ್ಬರೂ ಒಪ್ಪಿದರು. ಸೆಲ್ಲು ಮತ್ತೆ ಸಿಗುವ ಹೊತ್ತಿಗೆ ರಾಯರಿಗೆ ವರ್ಗವಾಗಿತ್ತು, ನಾನು ಮಂಡ್ಯಕ್ಕೆ ಬಂದಿದ್ದೆ. ಅಲ್ಲಿ ಕೇಳಿದರೆ, ಗಾಯಕ್ಕೆ ಕರೆಂಟೇ ಎಂದು ನಕ್ಕರು. ಹೊಸ ಹುಡುಗರಿಗೆ ನಾನು ಹೇಳುವುದು ಇಷ್ಟೇ: ಪ್ಲಸ್ಸು ಮೈನಸ್ಸಿನ ಗುರುತನ್ನು ಬಣ್ಣದಲ್ಲಿ ಮಾಡಬೇಡಿ, ಹಿತ್ತಾಳೆಯ ಮೇಲೆ ಉಳಿಯಿಂದ ಗೀರಿ. ರೋಗಿಯ ಮನೆಯವರನ್ನು ಗದರಬೇಕಾದರೆ ಗದರಿ, ಆದರೆ ಗದರಿದ ಮೇಲೆ ಅವರು ಏನು ಮಾಡಿದರೆಂದು ಕೇಳಿ.

ಕೆಂಪನ ಎಡಗಾಲು ಉಳಿಯಿತು. ಹರಡು ಪೂರಾ ಮಡಚುವುದಿಲ್ಲ. ಮರುವರ್ಷ ಆಲೆಮನೆಗೆ ಹೋದ, ಅಂದಿನಿಂದ ಕೊಪ್ಪರಿಗೆ ಇಳಿಸುವಾಗ ಮುಂದಿನದರ ಬದಲು ಹಿಂದಿನ ಬಳೆಗೆ ಹೆಗಲು ಕೊಡುತ್ತಾನೆ.